ಫೋಟೋದಲ್ಲಿಲ್ಲದ ಮೂಗು

ಮೂವತ್ತು ವರ್ಷಗಳಿಂದ ಊರಿನವರ ಮೂಗುಗಳನ್ನೆಲ್ಲ ತಿದ್ದಿಕೊಂಡೇ ಬಂದಿದ್ದ ಫೋಟೋ ಸ್ಟುಡಿಯೋದ ಯಜಮಾನರಿಗೆ, ಸ್ವಂತ ಮಗಳು ತನ್ನ ಮೂಗನ್ನು ಆಪರೇಷನ್ ಮಾಡಿಸಿ ತಿದ್ದಿಸಿಕೊಳ್ಳುತ್ತೇನೆಂದಾಗ ಮಾತ್ರ ಮೈಯೆಲ್ಲ ಉರಿದುಹೋಯಿತು. ಅವರು ತಿದ್ದುತ್ತಿದ್ದುದು ಫೋಟೋದಲ್ಲಿ. ರಕ್ತವಿಲ್ಲ, ನೋವಿಲ್ಲ, ಅರ್ಧ ಗಂಟೆಯಲ್ಲಿ ಗಿರಾಕಿ ನಗುತ್ತಾ ಮನೆಗೆ ಹೋಗುತ್ತಿದ್ದ. ಮಗಳು ಕೇಳುತ್ತಿದ್ದುದು ಕತ್ತಿ, ಹೊಲಿಗೆ, ಬ್ಯಾಂಡೇಜು. ಹದಿನಾರು ವರ್ಷದ ಹುಡುಗಿ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಬಾರದೆಂದು ಇನ್ನೂ ಕಲಿತಿಲ್ಲ (ಅದನ್ನು ಅಪ್ಪನೂ ಕಲಿತಿಲ್ಲವೆಂಬುದು ಅಮ್ಮನ ದೂರು).

ಆ ಮೂಗು ಅಂತಿಂಥ ಮೂಗಲ್ಲ. ನಡುವೆ ಒಂದು ದಿಬ್ಬ, ತುದಿ ದುಂಡಗೆ, ಹೊಳ್ಳೆಗಳು ಸಾಕಷ್ಟು ವಿಶಾಲ. ಯಜಮಾನರ ತಾಯಿಯದೇ ಪಡಿಯಚ್ಚು. ಮಗಳು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ತಾಯಿ ತೀರಿಕೊಂಡಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ದಾದಿ ಬಟ್ಟೆ ಸರಿಸಿ ಮಗುವಿನ ಮುಖ ತೋರಿಸಿದಾಗ ಯಜಮಾನರು ಬಿಕ್ಕಿ ಬಿಕ್ಕಿ ಅತ್ತರು. ಹೆಣ್ಣು ಹುಟ್ಟಿತೆಂದು ಅಳುತ್ತಿದ್ದಾರೆಂದು ತಿಳಿದು ದಾದಿ ಚೆನ್ನಾಗಿ ಬೈದಳು. ಬೈಸಿಕೊಂಡರೂ ಸುಖವಾಗಿತ್ತು. ಬೆಳೆದ ಮೇಲೆ ಮಗಳಿಗೆ ಸಿಟ್ಟು ಬಂದಾಗಲೆಲ್ಲ ಹೊಳ್ಳೆಗಳು ಅರಳುತ್ತಿದ್ದವು. ಆ ಒಂದು ಗಳಿಗೆ ತಾಯಿಯೇ ಬಂದು ಎದುರಿಗೆ ನಿಂತಂತಾಗುತ್ತಿತ್ತು. ಅದಕ್ಕಾಗಿಯೇ ಯಜಮಾನರು ಆಗಾಗ ಕಾರಣವಿಲ್ಲದೆ ಮಗಳನ್ನು ಕೆಣಕುತ್ತಿದ್ದರು, ಟಿ.ವಿ. ರಿಮೋಟನ್ನು ಬಚ್ಚಿಡುತ್ತಿದ್ದರು. ಈ ಗುಟ್ಟು ಮನೆಯಲ್ಲಿ ಯಾರಿಗೂ ತಿಳಿಯದು.

ಇಷ್ಟನ್ನು ಹೇಳಿಬಿಟ್ಟಿದ್ದರೆ ಸಾಕಿತ್ತು. ಆದರೆ ತಂದೆಯೆಂಬ ಪ್ರಾಣಿಗೆ ಹೇಳಬೇಕಾದದ್ದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಲು ಬರುತ್ತದೆ. ಸಹಜ ಸೌಂದರ್ಯದ ಮಹಿಮೆಯನ್ನು ಕುರಿತು ಅವರು ಮೂರು ದಿನ ಅಖಂಡ ಪ್ರವಚನ ನಡೆಸಿದರು. ಮಗಳು ಇಯರ್‌ಫೋನ್ ಸಿಕ್ಕಿಸಿಕೊಂಡು ಶ್ರವಣ ಮಾಡಿದಳು. (ನೆರೆಮನೆಯವರೂ ನಡುವೆ ಬಂದು ಮೂಗು ತೂರಿಸಿ ಹೋದರು.) ಶಾಲೆಯಲ್ಲಿ ಅವಳನ್ನು ಏನೇನೋ ಕರೆಯುತ್ತಾರೆಂದೂ, ಗುಂಪಿನ ಫೋಟೋ ತೆಗೆಯುವಾಗಲೆಲ್ಲ ಅವಳು ಹಿಂದಿನ ಸಾಲಿಗೆ ಜಾರಿಕೊಳ್ಳುತ್ತಾಳೆಂದೂ ಹೆಂಡತಿ ತಿಳಿಸಿದ ಮೇಲೆ ಪ್ರವಚನ ಅರ್ಧಕ್ಕೇ ನಿಂತಿತು. ಆಗ ಯಜಮಾನರಿಗೆ ಒಂದು ಅಮೋಘ ಉಪಾಯ ಹೊಳೆಯಿತು. ಡಾಕ್ಟರ ಬಳಿಗೇ ಕರೆದೊಯ್ಯುವುದು. ಸೂಜಿ, ಕತ್ತರಿ ಕಂಡರೆ ಹುಡುಗಿ ತಾನಾಗಿಯೇ ಓಡಿಬರುತ್ತಾಳೆ.

ಹುಡುಗಿ ಓಡಲಿಲ್ಲ. (ಗಾಜಿನ ಬೀರುವಿನಲ್ಲಿದ್ದ ಕತ್ತರಿಗಳನ್ನು ಕಂಡು ಬೆವತದ್ದು ಯಜಮಾನರೇ.) ಡಾಕ್ಟರಮ್ಮ ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. ಎಂಥ ಮೂಗು ಬೇಕಮ್ಮಾ ಎಂದು ವಿಚಾರಿಸಿದರು. ಯಾವಳೋ ಸಿನಿಮಾ ನಟಿಯ ಚಿತ್ರ ಹೊರಬರುತ್ತದೆಂದು ಯಜಮಾನರು ಕಾದರು. ಅದಕ್ಕೆ ತಕ್ಕ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದರು. ಮಗಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ತನ್ನದೇ ಫೋಟೋ. ಹೋದ ಹುಟ್ಟುಹಬ್ಬಕ್ಕೆ ಅಪ್ಪ ತೆಗೆದದ್ದು.

ಡಾಕ್ಟರಮ್ಮ ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಈ ಮೂಗು ಯಾರ ಕೈಕೆಲಸ?"

"ನಂದೇ ಮೇಡಂ," ಎಂದರು ಯಜಮಾನರು. ಮೂವತ್ತು ವರ್ಷದ ವೃತ್ತಿಗರ್ವ, ಬಾಯಿ ನಿಲ್ಲಲಿಲ್ಲ. "ಎಲ್ಲಿ ತಿದ್ದಿದೀನಿ ಅಂತ ಗೊತ್ತೇ ಆಗಲ್ಲ ನೋಡಿ."

"ಒಂದು ವರ್ಷದ ಮಗು ಆಗಿದ್ದಾಗಿಂದ ಹೀಗೇ," ಎಂದಳು ಮಗಳು ಫೋಟೋ ತೋರಿಸುತ್ತಾ, ಡಾಕ್ಟರಮ್ಮನಿಗೆ. "ಮನೆ ಗೋಡೆ ತುಂಬಾ ಇವಳೇ ಇದಾಳೆ. ಅಪ್ಪಂಗೆ ಬೇಕಾಗಿರೋದು ಇವಳು. ನಾನು ಇವಳ ಥರ ಆಗ್ತೀನಿ ಅಂದ್ರೆ ಮಾತ್ರ ಬೇಡ ಅಂತಾರೆ."

ಸಿದ್ಧಮಾಡಿಕೊಂಡಿದ್ದ ಉತ್ತರ ಈ ಮಾತಿಗೆ ಹೊಂದುತ್ತಿರಲಿಲ್ಲ. ಅವರು ಬೇಕೆಂದು ಮಾಡಿದ್ದಲ್ಲ. ಕಂಪ್ಯೂಟರ್ ಮುಂದೆ ಕೂತರೆ ಕೈ ತಾನಾಗಿ ಕಲೆ ಅಳಿಸುತ್ತಿತ್ತು, ಕೆನ್ನೆ ನಯಮಾಡುತ್ತಿತ್ತು, ಮೂಗು ಸಣ್ಣ ಮಾಡುತ್ತಿತ್ತು. ಎದುರಿಗಿರುವುದು ಗಿರಾಕಿಯ ಮುಖವೋ ಮಗಳ ಮುಖವೋ ಎಂದು ಕೈ ಕೇಳುತ್ತಿರಲಿಲ್ಲ.

ಹದಿನೆಂಟು ತುಂಬುವವರೆಗೆ ಈ ಮೂಗನ್ನು ತಾವು ಮುಟ್ಟುವುದಿಲ್ಲವೆಂದು ಡಾಕ್ಟರಮ್ಮ ಮಗಳಿಗೆ ಹೇಳಿದರು. ಅಪ್ಪನ ಕಡೆ ತಿರುಗಿ, ಅಲ್ಲಿಯವರೆಗೆ ನೀವೂ ಮುಟ್ಟಬೇಡಿ ಎಂದರು.

ಮನೆಗೆ ಬಂದವರೇ ಯಜಮಾನರು ಮಗಳನ್ನು ಕೂರಿಸಿಕೊಂಡು, ಹದಿನಾರು ವರ್ಷ ಹೇಳದ ಮಾತನ್ನು ಹೇಳಿದರು. ಇದು ನಿನ್ನ ಅಜ್ಜಿಯ ಮೂಗು. ಇದೂ ಹೋದರೆ ನನಗೆ ಅಮ್ಮನದೆಂದು ನೋಡಲು ಏನೂ ಉಳಿಯುವುದಿಲ್ಲ. ಮಗಳು ಎದ್ದು ಹೋಗಿ ನಡುಮನೆಯಲ್ಲಿದ್ದ ಅಜ್ಜಿಯ ಫೋಟೋ ಮುಂದೆ ನಿಂತಳು.

"ಎಲ್ಲಿದೆಯಪ್ಪಾ? ಅಜ್ಜಿ ಮೂಗು ನೆಟ್ಟಗಿದೆಯಲ್ಲ."

ಯಜಮಾನರು ಹೋಗಿ ನೋಡಿದರು. ದಿನವೂ ಧೂಳು ಒರೆಸುವ ಫೋಟೋ. ನೆಟ್ಟನೆಯ, ಸಪೂರವಾದ, ಯಾರದೋ ಮೂಗು. ಅಮ್ಮ ತೀರಿಕೊಂಡ ವಾರ, ಕಣ್ಣೊರೆಸಿಕೊಳ್ಳುತ್ತಾ, ಕಲಿತ ವಿದ್ಯೆಯನ್ನೆಲ್ಲ ಧಾರೆಯೆರೆದು ನೆಗೆಟಿವ್ ಮೇಲೆಯೇ ಪೆನ್ಸಿಲ್ ಆಡಿಸಿ ತಿದ್ದಿದ್ದವರು ಅವರೇ. ಬೇರೆ ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಅಮ್ಮ ಎದ್ದು ಹೋಗಿಬಿಡುತ್ತಿದ್ದರು.

"ಅತ್ತೆಯವರನ್ನೂ ಬಿಟ್ಟಿಲ್ವಲ್ಲ ನೀವು," ಎಂದಳು ಹೆಂಡತಿ. ಆದರೆ ಮೆಲ್ಲಗೆ ಎಂದಳು.

ಊರಿನ ಮುಖಗಳನ್ನೆಲ್ಲ ಕಾಪಿಟ್ಟವರು ಅಮ್ಮನದೊಂದನ್ನು ಕಳೆದುಕೊಂಡು ಕುರ್ಚಿಯಲ್ಲಿ ಕುಸಿದರು. ಮಗಳು ಹೋಗಿ ಅವರ ಕೈ ಹಿಡಿದೆಳೆದಳು.

"ಏಳಿ ಅಪ್ಪಾ. ನಾನು ಕೂತ್ಕೋತೀನಿ, ನನ್ನ ಮೂಗು ನೋಡ್ಕೊಂಡು ಅಜ್ಜಿ ಮೂಗು ಸರಿ ಮಾಡಿ. ಆದ್ರೆ ಹದಿನೆಂಟಾದ್ಮೇಲೆ ಇದನ್ನ ಏನು ಮಾಡ್ಬೇಕು ಅಂತ ನಾನೇ ಹೇಳೋದು. ಸರಿನಾ?"

ಸರಿ ಎನ್ನದೆ ವಿಧಿಯಿರಲಿಲ್ಲ.

ಆ ಮಧ್ಯಾಹ್ನ ಸ್ಟುಡಿಯೋಗೆ ಗಿರಾಕಿಗಳು ಬಂದು ಬಾಗಿಲು ತಟ್ಟಿ ಹಿಂದಿರುಗಿದರು. ಒಳಗೆ ಮಗಳು ದೀಪದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಯಜಮಾನರು ಅಜ್ಜಿಯ ಫೋಟೋವನ್ನು ಕಂಪ್ಯೂಟರಿಗೆ ಏರಿಸಿಕೊಂಡು, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮೂಗನ್ನು ದಪ್ಪ ಮಾಡುತ್ತಿದ್ದರು. ಕೈ ಒಲ್ಲೆನೆಂದಿತು. ಬರೆದ ದಿಬ್ಬವನ್ನು ಎರಡು ಸಲ ತಾನೇ ಅಳಿಸಿಹಾಕಿತು. ಎರಡು ಸಲವೂ ಮಗಳು ಇಳಿದು ಬಂದು ಆ ಕೈಗೆ ಒಂದು ಏಟು ಹಾಕಿದಳು.

ಸಂಜೆ ಕಾಫಿ ತಂದ ಹೆಂಡತಿ ಕಂಪ್ಯೂಟರ್ ಪರದೆ ನೋಡಿ ಅಲ್ಲೇ ನಿಂತಳು. "ಹೂಂ, ಇವರು ನಮ್ಮತ್ತೆ. ಈಗ ಬೈತಾರೆ, ನೋಡ್ತಿರಿ."

ಯಜಮಾನರು ತಮಗೇ ತಿಳಿಯದಂತೆ ಕುರ್ಚಿಯಿಂದ ಎದ್ದು ನಿಂತರು.

"ಅಜ್ಜಿ ಚೆನ್ನಾಗಿದಾರೆ," ಎಂದಳು ಮಗಳು.

"ಹಾಗಾದ್ರೆ ನಿನ್ ಮೂಗೂ..."

"ಅಜ್ಜಿಗೆ ಚೆನ್ನಾಗಿದೆ ಅಂದೆ ಅಪ್ಪಾ. ನನ್ನದರ ಮಾತು ಎರಡು ವರ್ಷ ಆದ್ಮೇಲೆ."

ಎರಡು ವರ್ಷ. ಯಜಮಾನರು ಪರದೆಯನ್ನು ಬಿಟ್ಟು ಮಗಳ ಮುಖವನ್ನೇ ರೆಪ್ಪೆ ಬಡಿಯದೆ ನೋಡತೊಡಗಿದರು. ತಿದ್ದದೆ ನೋಡುವುದು ಅವರಿಗೆ ಹೊಸದು. "ಹಾಗೆ ನೋಡ್ಬೇಡಿ" ಎನ್ನುತ್ತಾ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಬೆರಳುಗಳ ಸಂದಿಯಲ್ಲಿ ಮೂಗಿನ ದುಂಡನೆಯ ತುದಿ ಮಾತ್ರ ಕಾಣುತ್ತಿತ್ತು.