ಲಾರಿಗೆ ಮೂರು ದಿನ ರಜೆ

ಪದ ಪರಿಶೀಲನಾ ನಿರ್ದೇಶನಾಲಯದಲ್ಲಿ ಎರಡು ವರ್ಷದಿಂದ ಕುಡಿಯುವ ನೀರಿಲ್ಲ. ಆದರೆ ಅದೇ ಅವಧಿಯಲ್ಲಿ ನಲ್ಲಿಯನ್ನು ಮೂರು ಸಲ ಹೊಸದಾಗಿ ಕೂರಿಸಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ವಿಚಾರಣಾ ಸಮಿತಿ ಕಂಡುಕೊಂಡಿದೆ. ನಲ್ಲಿಗೆ ಬ್ರಿಟಿಷರು ಟ್ಯಾಪ್ ಅನ್ನುತ್ತಾರೆ, ಅಮೆರಿಕದವರು ಫಾಸೆಟ್ ಅನ್ನುತ್ತಾರೆ; ಆದ್ದರಿಂದ ಅದರ ಕಡತ ಓಡಿತು. ನೀರಿಗೆ ಇಬ್ಬರೂ ವಾಟರ್ ಎಂದೇ ಅನ್ನುತ್ತಾರೆ. ಆದ್ದರಿಂದ ಅದರ ಕಡತ ನಿಂತಿತು.

ನಿರ್ದೇಶನಾಲಯದ ಕೆಲಸ ಸರಳವಾದದ್ದು. ಸರ್ಕಾರದ ಪತ್ರಗಳೆಲ್ಲ ಇಂಗ್ಲಿಷಿನಲ್ಲಿರತಕ್ಕದ್ದು ಎಂದು ಹಳೆಯ ನಿಯಮವೊಂದಿದೆ. ಯಾವ ಇಂಗ್ಲಿಷು ಎಂದು ಅದರಲ್ಲಿ ಹೇಳಿಲ್ಲ. ಈ ಕೊರತೆ ತುಂಬಲು ಒಂದೇ ಮಹಡಿಯಲ್ಲಿ ಎದುರುಬದುರು ಬ್ರಿಟಿಷ್ ಶಾಖೆ, ಅಮೆರಿಕನ್ ಶಾಖೆ ಎಂದು ಎರಡು ಶಾಖೆ ತೆರೆದರು. ಮೂರು ತಿಂಗಳಿಗೊಮ್ಮೆ ಕನಿಷ್ಠ ಐವತ್ತು ಪದಗಳ ಮೇಲೆ ಎದುರು ಶಾಖೆಯೊಂದಿಗೆ ಜಗಳ ತೋರಿಸದ ಶಾಖೆಯ ಹುದ್ದೆಗಳು ತಾವಾಗಿಯೇ ರದ್ದಾಗುತ್ತವೆ. ಶಾಖೆಗಳ ಮುಖ್ಯಸ್ಥರಿಬ್ಬರೂ ಷಡ್ಡಕರು. ಅಕ್ಕ ತಂಗಿ ಸೇರಿ ಕಟ್ಟಿಕೊಟ್ಟ ಒಂದೇ ಡಬ್ಬಿಯಿಂದ ಮಧ್ಯಾಹ್ನ ಊಟ ಮಾಡಿ, ಕೈ ತೊಳೆಯಲು ನೀರಿಲ್ಲದ್ದರಿಂದ ಕಾಗದಕ್ಕೆ ಒರೆಸಿಕೊಂಡು, ತಂತಮ್ಮ ಬಾಗಿಲೊಳಗೆ ಹೋಗಿ ಜಗಳಕ್ಕೆ ಕೂರುತ್ತಿದ್ದರು.

ಇಬ್ಬರೂ ಒಪ್ಪುವ ಪದಗಳ ಬಗ್ಗೆ ಸುತ್ತೋಲೆ ಸ್ಪಷ್ಟವಾಗಿತ್ತು: ‘ಉಭಯ ಶಾಖೆಗಳಿಗೂ ಸಮ್ಮತವಾದ ಪದಗಳಿಗೆ ಯಾವ ಶಾಖೆಯೂ ಹೊಣೆಯಲ್ಲ. ಹೊಣೆಗಾರರ ನೇಮಕವಾಗುವವರೆಗೆ ಅಂಥ ಪದಗಳನ್ನು ಕೆಂಪು ಗೀಟಿನಿಂದ ಹೊಡೆದುಹಾಕತಕ್ಕದ್ದು. ಹೊಡೆದ ಮೇಲೆ ಏನೂ ಉಳಿಯದ ಅರ್ಜಿಗಳನ್ನು ಬಂದೇ ಇಲ್ಲವೆಂದು ಭಾವಿಸತಕ್ಕದ್ದು.’

ಈ ಸುತ್ತೋಲೆಯನ್ನು ಎಲ್ಲ ಕಚೇರಿಗಳಿಗೂ ಕಳಿಸಿದವಳು ರವಾನೆ ಗುಮಾಸ್ತೆಯೇ. ನಲವತ್ತರ ಹೆಂಗಸು, ಹದಿನಾರು ವರ್ಷದ ಸೇವೆ. ಲಕೋಟೆಗೆ ಅಂಟು ಹಚ್ಚುವಾಗ ಒಳಗಿನದನ್ನು ಓದುವ ಅಭ್ಯಾಸ ಅವಳಿಗಿರಲಿಲ್ಲ. ಸೋಮವಾರ ಬೆಳಿಗ್ಗೆ ತನ್ನದೇ ರಜೆ ಅರ್ಜಿ ಹಿಡಿದು ಬ್ರಿಟಿಷ್ ಶಾಖೆಯ ಮುಖ್ಯಸ್ಥರ ಮುಂದೆ ನಿಂತಾಗಲೇ ಸುತ್ತೋಲೆಯಲ್ಲೇನಿದೆಯೆಂದು ಅವಳಿಗೆ ಗೊತ್ತಾದದ್ದು.

ಅರ್ಜಿ ನಾಲ್ಕು ಸಾಲಿನದು. ತಾಯಿಯ ಎಡಗಣ್ಣಿನ ಪೊರೆ ಬಲಿತಿದೆ. ಕಣ್ಣಿನ ಡಾಕ್ಟರು ಬೇರೆ ಊರಿನಿಂದ ಮೂರು ತಿಂಗಳಿಗೊಮ್ಮೆ ಬರುವವರು, ಈ ಗುರುವಾರ ಬರುತ್ತಾರೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮೂರು ದಿನ ರಜೆ ದಯಪಾಲಿಸಬೇಕು.

ಮುಖ್ಯಸ್ಥರು ಎರಡು ಸಲ ಓದಿದರು. “ಒಳ್ಳೆ ಅರ್ಜಿಯಮ್ಮ. ಒಂದೂ ತಪ್ಪಿಲ್ಲ. ಅದೇ ತೊಂದರೆ.”

“ಏನ್ ಸಾರ್ ತೊಂದರೆ?”

“ಮದರ್, ಐ, ಡಾಕ್ಟರ್, ಥರ್ಸ್‌ಡೇ. ಒಂದು ಪದದ ಮೇಲಾದ್ರೂ ಜಗಳ ಇದೆಯಾ ನೀನೇ ನೋಡು. ಅವರಿಗೂ ಅದೇ, ನಮಗೂ ಅದೇ. ನಾನು ಸಹಿ ಹಾಕಿದ್ರೆ ನೀವ್ಯಾಕೆ ಹಾಕಿದಿರಿ ಅಂತ ಅವರು ಕೇಳ್ತಾರೆ. ಅವರು ಹಾಕಿದ್ರೆ ನಾನು ಕೇಳಬೇಕಾಗತ್ತೆ.”

“ನೀವಿಬ್ಬರೂ ಕೇಳದೇ ಇದ್ರೆ ಸಾರ್?”

“ಆಮೇಲೆ ಈ ಕಚೇರಿ ಯಾಕಮ್ಮ ಬೇಕು?” ಅವರು ನಿಜವಾಗಿಯೂ ಗಾಬರಿಯಾಗಿದ್ದರು.

ಗುಮಾಸ್ತೆ ಅಷ್ಟು ಸುಲಭಕ್ಕೆ ಬಿಡುವವಳಲ್ಲ. “ಮದರ್ ಬದಲು ಮಮ್ ಅಂತ ಬರೀಲಾ? ಎದುರಿನ ಶಾಖೆಯವರು ಮಾಮ್ ಅಂತಾರಲ್ಲ.”

“ಮುದ್ದಿನ ಮಾತೆಲ್ಲ ಮನೇಲಿ. ಕಡತಕ್ಕೆ ತಾಯಿ ಇರಬಹುದು, ಅಮ್ಮ ಇರೋ ಹಾಗಿಲ್ಲ.”

ಅಮೆರಿಕನ್ ಶಾಖೆಯ ಮುಖ್ಯಸ್ಥರು ಹೇಳಿದ್ದೂ ಅದನ್ನೇ, ಆದರೆ ಕುರ್ಚಿ ಕೊಟ್ಟು ಹೇಳಿದರು. ಹಳೆಯ ಪದಕ್ಕೆ ದಾರಿಯಿಲ್ಲದಿದ್ದರೆ ಪದರಚನಾ ಮೇಜಿಗೆ ಹೋಗಿ ಹೊಸದೊಂದು ಕಟ್ಟಿಸಿಕೊಂಡು ಬಾ ಎಂದು ಸಲಹೆಯನ್ನೂ ಕೊಟ್ಟರು. ಆ ಮೇಜಿನ ಸಹವಾಸ ಗುಮಾಸ್ತೆ ಬಲ್ಲಳು. ಎರಡು ಪದ ಕೂಡಿಸಿ ಒಂದು ಮಾಡಬೇಕಾದರೆ ಎರಡೂ ಪದಗಳ ಒಪ್ಪಿಗೆ ಪತ್ರ ಬೇಕು. ಪದವನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಉಳಿದ ತುಂಡನ್ನು ಉಗ್ರಾಣಕ್ಕೆ ಒಪ್ಪಿಸಿ ರಸೀದಿ ತರಬೇಕು. ಕಳೆದ ವರ್ಷ ಪಕ್ಕದ ಮೇಜಿನವರು ತಮಗೆ ಫ್ಲೂ ಬಂದಿದೆ ಎಂದು ಬರೆದುಕೊಟ್ಟಿದ್ದರು. ಇನ್‌ಫ್ಲುಯೆಂಜಾ ಎಂಬ ಪದದ ತಲೆಯನ್ನೂ ಬಾಲವನ್ನೂ ಎಲ್ಲಿಟ್ಟಿರಿ ಎಂದು ಅವರಿಗೆ ನೋಟೀಸು ಹೋಯಿತು. ಉತ್ತರ ಬರೆಯುವಷ್ಟರಲ್ಲಿ ಅವರಿಗೆ ಜ್ವರ ಬಿಟ್ಟಿತ್ತು, ಹೆಂಡತಿಗೆ ಹಿಡಿದಿತ್ತು.

ಆ ಸಂಜೆ ಮನೆಯಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು. ಮೂವತ್ತೈದು ವರ್ಷ ದರ್ಜಿ ಅಂಗಡಿಗಳಿಗೆ ಕಾಜ ಹಾಕಿಕೊಟ್ಟು ಮಗಳನ್ನು ಓದಿಸಿದ ಹೆಂಗಸು. ಈಗ ಸೂಜಿಯ ಕಣ್ಣೂ ಕಾಣದು, ಅಂಗಿಯ ಬಣ್ಣವೂ ತಿಳಿಯದು. ಎಲ್ಲ ಅಂಗಿಗೂ ಕಂದು ದಾರ ಹಾಕುತ್ತಾಳೆಂದು ಅಂಗಡಿಯವರು ಬಟ್ಟೆ ಕಳಿಸುವುದನ್ನೇ ನಿಲ್ಲಿಸಿದ್ದರು.

“ಸಿಕ್ತೇನೇ ರಜ?”

“ನಾಳೆ ಸಿಗತ್ತಮ್ಮ.”

“ಸಿಗದಿದ್ರೆ ಬಿಡು. ಇನ್ನು ಮೂರು ತಿಂಗಳಲ್ವಾ, ತಡಕಾಡ್ಕೊಂಡು ಇರ್ತೀನಿ.”

ಗುಮಾಸ್ತೆ ಸೂಜಿಯನ್ನು ಕಿತ್ತುಕೊಂಡು ತಾನೇ ದಾರ ಪೋಣಿಸಿಕೊಟ್ಟಳು.

ಮಂಗಳವಾರ ಅವಳ ಬಾಡಿದ ಮುಖ ನೋಡಿ ಕರೆದವರು ಮುದ್ರೆ ಮಾವ. ಕಚೇರಿಯ ಮುದ್ರೆಗಳೆಲ್ಲ ಅವರ ಸುಪರ್ದಿಯಲ್ಲಿವೆ. ನಿವೃತ್ತಿಗೆ ಹತ್ತಿರವಾದ ಅವರನ್ನು ನಿರ್ದೇಶಕರೂ ಮಾವ ಎಂದೇ ಕರೆಯುತ್ತಾರೆ. ಅರ್ಜಿಯನ್ನು ಓದಿ ಅವರು ಮೂಗು ಮುರಿದರು.

“ಇಷ್ಟು ವರ್ಷ ಇಲ್ಲಿದ್ದು ಏನ್ ಕಲಿತೆ ನೀನು? ಒಂದು ಲಾರಿ ಹಾಕು.”

“ಲಾರಿ ಯಾಕೆ ಮಾವ? ಕಣ್ಣು ಅಮ್ಮಂದು.”

“ಕಣ್ಣು ಯಾರದ್ದಾದ್ರೂ ಆಗಲಿ, ಕಡತಕ್ಕೆ ಬೇಕಾಗಿರೋದು ಲಾರಿ. ಅದಕ್ಕೆ ಎದುರಿನವರು ಟ್ರಕ್ ಅಂತಾರೆ. ನನ್ನ ಮಗಳ ಮದುವೆಗೆ ಒಂದು ಲಿಫ್ಟ್ ಹಾಕಿದ್ದೆ, ಅವರಿಗದು ಎಲಿವೇಟರ್. ಹದಿನೈದು ದಿನ ಕೊಟ್ರು.”

ಗುಮಾಸ್ತೆ ಕೂತು ಅರ್ಜಿಯನ್ನು ತಿದ್ದಿದಳು. ತಾಯಿಯ ಎಡಗಣ್ಣು, ಒಂದು ಲಾರಿ, ಗುರುವಾರ, ಡಾಕ್ಟರು, ಮೂರು ದಿನ.

ಬ್ರಿಟಿಷ್ ಶಾಖೆಯ ಮುಖ್ಯಸ್ಥರ ಮುಖ ಅರಳಿತು. ಆ ತ್ರೈಮಾಸಿಕಕ್ಕೆ ಅವರ ಬಳಿ ನಲವತ್ತೊಂಬತ್ತು ಜಗಳಗಳಿದ್ದವು, ಒಂದು ಕಡಿಮೆ ಬಿದ್ದಿತ್ತು. “ಲಾರಿ ಖಾಲೀನೋ, ತುಂಬಿರೋದೋ?” ಎಂದು ಗಂಭೀರವಾಗಿ ಕೇಳಿದರು.

“ತುಂಬಿದೆ ಸಾರ್.”

“ಹಾಗಾದ್ರೆ ತುರ್ತು ಕಡತ ಅಂತ ಮಾಡೋಣ.”

ಬುಧವಾರ ಬೆಳಿಗ್ಗೆ ಜಂಟಿ ಸಭೆ ಸೇರಿತು. ಅದು ಟ್ರಕ್ ಎಂದು ಅಮೆರಿಕನ್ ಶಾಖೆ ಲಿಖಿತ ಆಕ್ಷೇಪ ಸಲ್ಲಿಸಿತು. ಷಡ್ಡಕರಿಬ್ಬರೂ ಮೇಜು ಕುಟ್ಟಿದರು, ಒಬ್ಬರಿಗೊಬ್ಬರು ಧಿಕ್ಕಾರ ಹೇಳಿದರು, ನಡುವೆ ಒಮ್ಮೆ ಡಬ್ಬಿಯಲ್ಲಿ ಇವತ್ತು ಏನಿದೆಯೆಂದು ವಿಚಾರಿಸಿಕೊಂಡರು. ಜಗಳ ಸಮರ್ಪಕವಾಗಿ ನಡೆದಿದೆಯೆಂದು ನಿರ್ದೇಶಕರು ಷರಾ ಬರೆದು ಒಪ್ಪಿಗೆ ಕೊಟ್ಟರು. ಮಧ್ಯಾಹ್ನ ಆದೇಶ ಹೊರಬಿತ್ತು. ಇಂಗ್ಲಿಷ್ ಆದೇಶದ ಹಾಳೆಯ ಬೆನ್ನಿಗೆ, ಸಾರ್ವಜನಿಕರ ತಿಳುವಳಿಕೆಗೆಂದು, ನಾವು ನೀವು ಓದುವ ಭಾಷೆಯಲ್ಲೂ ಅದನ್ನು ಬರೆಯುವ ಪದ್ಧತಿಯಿದೆ. ಅರ್ಜಿಯಿಂದ ಎತ್ತಿಕೊಂಡ ಸಮ್ಮತ ಪದಗಳ ಮೇಲೆಲ್ಲ, ಬೆನ್ನನ್ನೂ ಬಿಡದೆ, ಕೆಂಪು ಗೀಟು ಬಿದ್ದಿತ್ತು. ಉಳಿದದ್ದು ಇಷ್ಟು: ‘ಲಾರಿಗೆ ರಜೆ ಮಂಜೂರಾಗಿದೆ. ಲಾರಿಯೊಂದಿಗೆ ಅರ್ಜಿದಾರಳು ಇರಬಹುದು. ಗುಣಮುಖವಾದ ಬಗ್ಗೆ ಪ್ರಮಾಣಪತ್ರ ತರತಕ್ಕದ್ದು.’

ಗುಮಾಸ್ತೆ ಅದನ್ನು ನೋಡಿ ನಗಲಿಲ್ಲ. ಆದೇಶವನ್ನು ಎದೆಗೊತ್ತಿಕೊಂಡು ಮನೆಗೆ ಓಡಿದಳು.

ಗುರುವಾರ ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಶನಿವಾರ ಪಟ್ಟಿ ಬಿಚ್ಚಿದ ಡಾಕ್ಟರ ಮುಂದೆ ಗುಮಾಸ್ತೆ ಅಳುಕುತ್ತಲೇ ಪ್ರಮಾಣಪತ್ರದ ನಮೂನೆ ಇಟ್ಟಳು.

“ಲಾರಿನಾ?” ಡಾಕ್ಟರು ತಲೆಯೆತ್ತದೆ ಕೇಳಿದರು. “ನಿಮ್ಮ ಕಚೇರಿಯಿಂದ ಈ ವರ್ಷ ಬಂದಿರೋ ಆರನೇದು. ಹೋದ ಸಲ ಒಬ್ರು ತಂದೇನ ಬಿಸ್ಕತ್ತು ಅಂತ ಕರ್ಕೊಂಡು ಬಂದಿದ್ರು.” ‘ಎಡದೀಪ ಸರಿಯಾಗಿದೆ, ಓಡಾಟಕ್ಕೆ ಯೋಗ್ಯ’ ಎಂದು ಬರೆದು ಸಹಿ ಹಾಕಿದರು.

ಭಾನುವಾರ ಅಮ್ಮ ಕಿಟಕಿಯ ಪಕ್ಕ ಕೂತು, ಎಡಗಣ್ಣಿಗೆ ಎದುರಾದದ್ದನ್ನೆಲ್ಲ ಓದತೊಡಗಿದಳು. ಔಷಧಿಯ ಚೀಟಿ ಓದಿದಳು, ಹಳೆಯ ಕ್ಯಾಲೆಂಡರು ಓದಿದಳು. ಕೊನೆಗೆ ಮಗಳ ಕೈಚೀಲದಿಂದ ಆದೇಶ ತೆಗೆದು, ಅದರ ಬೆನ್ನನ್ನು ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಎರಡು ಸಲ ಮೇಲಿಂದ ಕೆಳಕ್ಕೆ ಹೋಗಿ ಬೆರಳು ನಿಂತಿತು.

“ನಾನೆಲ್ಲಿದ್ದೀನೇ ಇದ್ರಲ್ಲಿ?”

ಗುಮಾಸ್ತೆಗೆ ನಾಚಿಕೆಯಾಯಿತು. ಯಾರೂ ಕೇಳದಿದ್ದ ಪ್ರಶ್ನೆ ಅದು. “ಇಲ್ಲಿ, ಈ ಕೆಂಪು ಗೀಟಿನ ಕೆಳಗಮ್ಮ. ನಿನ್ನ ಹೊಡೆದುಹಾಕಿದಾರೆ. ಅದು ನಿಯಮ.”

ಅಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ಗೀಟಿನೊಳಕ್ಕೆ ಇಣುಕಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಹೌದು ಕಣೇ, ತಾಯಿ ಅಂತ ಇದೆ. ಹೋದ ವಾರ ಆಗಿದ್ರೆ ಕಾಣ್ತಿರಲಿಲ್ಲ.” ಕಾಗದ ಮಡಿಸಿ ಜೋಪಾನವಾಗಿ ಮಗಳ ಕೈಗೆ ಕೊಟ್ಟಳು. “ಮುಂದಿನ ಸಲ ಬಲಗಣ್ಣಿನ ಪೊರೆಗೆ ಏನ್ ಹಾಕ್ತೀಯ?”

“ಆಗ ಅಮೆರಿಕನ್ ಶಾಖೆ ಸರದಿ. ಟ್ರಕ್ ಹಾಕ್ತೀನಿ.”

“ನೀಲಿ ಟ್ರಕ್ಕು ಅಂತ ಬರಿ.”

“ನೀಲೀನ ಹೊಡೆದುಹಾಕ್ತಾರಮ್ಮ. ಅದು ಇಬ್ಬರಿಗೂ ಒಂದೇ.”

“ಹೊಡೆದುಹಾಕ್ಲಿ ಬಿಡು,” ಎಂದಳು ಅಮ್ಮ, ಸೂಜಿಗೆ ನೀಲಿ ದಾರ ಪೋಣಿಸುತ್ತ. “ಗೀಟಿನ ಕೆಳಗಿಂದ ನಾನು ಓದ್ಕೋತೀನಿ.”