ಮೂರೂ ಊರು ಹೂಂ ಅನ್ನಬೇಕು

ನಮ್ಮ ಭಾವ ಊಟಕ್ಕೆ ಕೂತು ಸಾರಿಗೆ ಉಪ್ಪು ಕಮ್ಮಿ ಅಂದರೆ ಅದು ಕಮ್ಮಿ ಅಂತ ಅರ್ಥವಲ್ಲ! ಅಕ್ಕ ಹೂಂ ಅನ್ನಬೇಕು, ಮಗಳು ಹೂಂ ಅನ್ನಬೇಕು, ಆಮೇಲಷ್ಟೇ ಉಪ್ಪಿನ ಡಬ್ಬಿ ತೆಗೆಯುವುದು. ಅಷ್ಟರಲ್ಲಿ ಮುದ್ದೆ ತಣ್ಣಗಾಗಿರುತ್ತದೆ. ಇಂಥವರ ಕೈಕೆಳಗೆ ನಾನು ಕೆಲಸ ಮಾಡಿದೆ, ನೋಡಿ ನನ್ನ ಹಣೆಬರಹ!

ಎರಡು ಸಾವಿರದ ಇಸವಿ ದಾಟಿತ್ತು. ಇಂಟರ್ನೆಟ್ಟಿನ ಮೂಲಕ ಅಗ್ಗವಾಗಿ ಗಲ್ಫಿಗೆ ಮಾತಾಡಿಸುವ ಅಂಗಡಿಯನ್ನು ಭಾವ ಹುಣಸೂರಿನಲ್ಲಿ ತೆರೆದರು. ಜನ ಮುಗಿಬಿದ್ದರು, ಕರೆ ಜೋಡಿಸಲು ಇದ್ದ ಒಂದೇ ಕಂಪ್ಯೂಟರು, ಅದೇ ಸರ್ವರ್, ಏದುಸಿರು ಬಿಟ್ಟಿತು. ಪಿರಿಯಾಪಟ್ಟಣದಲ್ಲೊಂದು, ಕೆ.ಆರ್. ನಗರದಲ್ಲೊಂದು ಅಂಗಡಿ ತೆರೆದು, ಅಲ್ಲೂ ಸರ್ವರ್ ಇಟ್ಟು, ಮೂರನ್ನೂ ಜೋಡಿಸಿದರು. ಹುಣಸೂರು ನನ್ನ ಪಾಲಿಗೆ ಬಂತು, ಕೆ.ಆರ್. ನಗರಕ್ಕೆ ಸಂಬಳದವರು ಬಂದರು, ಭಾವ ಪಿರಿಯಾಪಟ್ಟಣದಲ್ಲಿ ಕೂತರು. ಗಲ್ಫಿನ ಉದ್ದುದ್ದ ನಂಬರಿನ ಬದಲು ಗಿರಾಕಿಗಳಿಗೆಲ್ಲ ಪುಟ್ಟ ಪುಟ್ಟ ನಂಬರು; ಯಾವುದಕ್ಕೆ ಯಾವ ಫೋನು ಎಂಬ ಪಟ್ಟಿ ಮೂರೂ ಸರ್ವರಿನಲ್ಲಿ. ಯಾವ ಊರಿನ ಅಂಗಡಿಯಲ್ಲಿ ಒತ್ತಿದರೂ ಅವರವರ ಮನೆಯವರೇ ಸಿಗಬೇಕು. ಒಂದನೇ ನಂಬರು ಭಾವನ ಅವ್ವನದು. ಓದು ಬಾರದ ಆಕೆ ಒಂದು ಒತ್ತಿದರೆ ಸಾಕು, ದುಬೈಯಲ್ಲಿದ್ದ ಕಿರಿಮಗ "ಅವ್ವಾ" ಅನ್ನುತ್ತಿದ್ದ.

ಒಂದು ಸಲ ಆ ಕಿರಿಮಗ ರೂಮು ಬದಲಿಸಿದ. ಹೊಸ ರೂಮಿನ ಫೋನ್ ನಂಬರು ಎರಡು ಸರ್ವರಿಗೆ ಹೋಯಿತು, ಕೆ.ಆರ್. ನಗರದ್ದಕ್ಕೆ ಹೋಗಲಿಲ್ಲ. ಅವ್ವ ಮಗಳ ಮನೆಗೆಂದು ಅಲ್ಲಿಗೇ ಹೋಗಬೇಕೆ! ಒಂದು ಒತ್ತಿದರು. ಹಳೆಯ ರೂಮಿಗೆ ಬಂದಿದ್ದ ಯಾರೋ ಮಲಯಾಳಿ ಎತ್ತಿಕೊಂಡ. ಅವ್ವ ಅಳುತ್ತಲೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು.

"ನನ್ ಮಗ ಕನ್ನಡವ ಮರ್ತೇ ಬುಟ್ಟವ್ನೆ ಕಣ್ಲಾ! ಉಂಡ್ಯಾ ಅಂದ್ರೆ ಏನೇನೋ ಅಂತಾನೆ!"

ಅಂದಿನಿಂದ ಭಾವನ ಕಾನೂನು ಜಾರಿಗೆ ಬಂತು. ಮೂರೂ ಅಂಗಡಿಯವರು ಕಂಪ್ಯೂಟರಿನಲ್ಲಿ ಹೂಂ ಒತ್ತದೆ ಯಾವ ನಂಬರನ್ನೂ ಬದಲಿಸುವಂತಿಲ್ಲ, ಅಳಿಸುವಂತಿಲ್ಲ. ಒಂದೂರು ಸುಮ್ಮನಿದ್ದರೂ ಹಳೆಯದೇ ಖಾಯಂ.

"ತಡೀರಿ, ಕೆ.ಆರ್. ನಗರದೋರು ಟೀಗೆ ಹೋಗವ್ರೆ" ಎಂದು ನಾನು ಗಿರಾಕಿಗೆ ಹೇಳಬೇಕು.

"ಅವ್ರು ಟೀ ಕುಡಿಯೋದಕ್ಕೂ ನನ್ ತಮ್ಮನ್ ನಂಬರಿಗೂ ಏನ್ರೀ ಸಂಬಂಧ?"

ನಾನು ಮತ್ತೆ ಕೆ.ಆರ್. ನಗರಕ್ಕೆ ಫೋನ್ ಹಚ್ಚುತ್ತಿದ್ದೆ.

ಹೀಗಿರುವಾಗ ಅವ್ವ ತೀರಿಕೊಂಡರು. ಕಿರಿಮಗನೂ ದುಬೈ ಬಿಟ್ಟು ಊರಿಗೆ ಬಂದುಬಿಟ್ಟ. ಒಂದನೇ ನಂಬರಿಗೆ ಇನ್ನು ಒತ್ತುವವರೂ ಇಲ್ಲ, ಎತ್ತುವವರೂ ಇಲ್ಲ. ಅದನ್ನು ತನಗೇ ಕೊಡಿ ಎಂದು ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು ದಿನಾ ಬಂದು ನನ್ನ ತಲೆ ತಿನ್ನತೊಡಗಿದರು. ಹಳೆಯದನ್ನು ಅಳಿಸಲು ನಾನು ಹೂಂ ಒತ್ತಿದೆ. ಕೆ.ಆರ್. ನಗರವೂ ಒತ್ತಿತು. ಪಿರಿಯಾಪಟ್ಟಣ ಮಾತ್ರ ತುಟಿ ಬಿಚ್ಚಲಿಲ್ಲ. ವಾರಗಟ್ಟಲೆ ಕಾದು ಕೊನೆಗೆ ಭಾವನಿಗೆ ಫೋನ್ ಮಾಡಿದೆ.

"ಭಾವ, ಆ ಒಂದನೇ ನಂಬರು..."

"ಕೊಡಾಣ ಕಣಪ್ಪಾ, ನಂದೇನು ಅಡ್ಡಿಯಿಲ್ಲ" ಎಂದರು. ಹಿಂದೆಯೇ, "ಆದ್ರೆ ಪಿರಿಯಾಪಟ್ಣ ಇನ್ನೂ ಹೂಂ ಅಂದಿಲ್ವಲ್ಲ" ಎಂದರು.

ಪಿರಿಯಾಪಟ್ಟಣದ ಅಂಗಡಿಯಲ್ಲಿ ಇದ್ದವರು ಅವರೊಬ್ಬರೇ.

"ಆಗಲಿ ಭಾವ," ಎಂದೆ, "ಅದು ಅಂದಾಗಲೇ ಅನ್ನಲಿ."