ಅರ್ಜಿದಾರರಿಗೆ ಮೀಸೆಯಿಲ್ಲ

ಬೆಳಗಾಗೆದ್ದು ಗಡಿಯಾರಕ್ಕಿಂತ ಮೊದಲು ವಿದ್ಯುತ್ ಮೀಟರಿನ ಮುಖ ನೋಡುವವರು. ಆಳಿಲ್ಲದ ಕೋಣೆಯಲ್ಲಿ ಉರಿಯುವ ದೀಪವನ್ನು ಕಂಡರೆ ತೊಟ್ಟಿಲಿಂದ ಉರುಳುವ ಕೂಸನ್ನು ಕಂಡವರಂತೆ ಧಾವಿಸುವವರು. ಫ್ಯಾನನ್ನು ಮೂರಕ್ಕೇರಿಸುವುದು ವಿಲಾಸವೆಂದೂ, ನಾಲ್ಕಕ್ಕೇರಿಸುವುದು ವ್ಯಸನವೆಂದೂ, ಐದಕ್ಕೇರಿಸುವುದು ಮಹಾಪಾತಕವೆಂದೂ ನಂಬಿದವರು. ಪೇಟೆಯ ವರ್ತಕರ ತಕ್ಕಡಿಗಳನ್ನೆಲ್ಲ ಪರೀಕ್ಷಿಸುವ ಅಧಿಕಾರವನ್ನು ಹೊತ್ತು, ಗುಲಗಂಜಿಯಷ್ಟು ವ್ಯತ್ಯಾಸಕ್ಕೂ 'ತಿರಸ್ಕೃತ' ಎಂಬ ಕೆಂಪು ಚೀಟಿಯನ್ನು ಅಂಟಿಸುವವರು. ಅಂಗಡಿಯವರು ಕೊಟ್ಟ ಒಂದು ಲೋಟ ನೀರನ್ನೂ ಲಂಚವೆಂದು ಬಗೆದು ಬಾಯಾರಿಯೇ ಮನೆಗೆ ಮರಳುವವರು. ದೇವರೆದುರು ಕೈಮುಗಿದಾಗಲೂ ಎರಡು ಅಂಗೈಗಳೂ ಸಮನಾಗಿ ಕೂಡಿವೆಯೇ ಎಂದು ಓರೆಗಣ್ಣಿನಿಂದ ನೋಡಿಕೊಳ್ಳುವವರು. ಇಂಥ ಸಕಲಗುಣಸಂಪನ್ನರಾದ ಆ ಗೃಹಸ್ಥರನ್ನು ಬೀದಿಯ ಜನ ಎದುರಿಗೆ 'ಸಾಹೇಬರೇ' ಎಂದೂ, ಬೆನ್ನ ಹಿಂದೆ 'ತಕ್ಕಡಿ ಸಾಹೇಬರು' ಎಂದೂ ಕರೆಯುತ್ತಿದ್ದರು.

ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಸಾಹೇಬರು ಲೋಟವನ್ನು ಮೇಜಿನ ಮೇಲೆ ಕುಟ್ಟಿ ಘೋಷಿಸಿದರು.

"ನಿರ್ಧಾರ ಮಾಡಿಬಿಟ್ಟೆ! ಇನ್ನು ಮೇಲೆ ಸೂರ್ಯ ನಮ್ಮ ಮನೆ ಕೆಲಸ ಮಾಡ್ತಾನೆ!"

ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವ ಅವರ ಹೆಂಡತಿ ತಲೆಯೆತ್ತಲಿಲ್ಲ. "ಯಾವ ಕೆಲಸ ರೀ? ಪಾತ್ರೆ ತೊಳೆಯೋದಾ?"

"ಹಾಸ್ಯ ಬೇಡ. ಮಾಳಿಗೆ ಮೇಲೆ ಸೌರಫಲಕ ಹಾಕಿಸ್ತೀನಿ. ಖರ್ಚು ಎರಡು ಲಕ್ಷದ ಹತ್ತು ಸಾವಿರ. ಅದರಲ್ಲಿ ಎಪ್ಪತ್ತು ಸಾವಿರ ಸರ್ಕಾರ ಪ್ರೋತ್ಸಾಹಧನ ಅಂತ ವಾಪಸ್ ಕೊಡುತ್ತೆ. ಉಳಿದದ್ದು ಒಂದು ಲಕ್ಷದ ನಲವತ್ತು. ತಿಂಗಳಿಗೆ ಮೂರು ಸಾವಿರದ ಬಿಲ್ಲು ಉಳಿದರೆ ನಾಲ್ಕು ವರ್ಷದಲ್ಲಿ ಅಸಲು ಕೈಗೆ! ಆಮೇಲೆ ಇಪ್ಪತ್ತು ವರ್ಷ ಬರೀ ಲಾಭ! ನಾವು ಬಳಸಿ ಮಿಕ್ಕ ಕರೆಂಟನ್ನ ಅವರೇ ಕೊಂಡ್ಕೋತಾರೆ!"

ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೋಕಬಾಂಧವನಾದ ಸೂರ್ಯದೇವನು ಯುಗಯುಗಗಳಿಂದ ಆ ಮಾಳಿಗೆಯ ಮೇಲೆ ಸುರಿಯುತ್ತಿದ್ದ ಸಂಪತ್ತನ್ನು ಈವರೆಗೆ ಒಣಹಾಕಿದ ಬಟ್ಟೆಗಳು ಮಾತ್ರವೇ ಅನುಭವಿಸುತ್ತಿದ್ದವೆಂಬುದೂ ಸತ್ಯವೇ.

ಮೇಜಿನ ಇನ್ನೊಂದು ತುದಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಎಪ್ಪತ್ತಾರರ ವೃದ್ಧೆಯೊಬ್ಬರು ಆಗ ಬಾಯಿ ತೆರೆದರು. ಅವರು ಸಾಹೇಬರ ಅತ್ತೆ, ಹೆಂಡತಿಯ ತಾಯಿ.

"ಮಗಳೇ, ಅವರನ್ನ ಕೇಳು, ಸೂರ್ಯನಿಗೆ ಸಂಬಳ ಎಷ್ಟು ಅಂತ."

"ನಿಮ್ಮಮ್ಮನಿಗೆ ಹೇಳು, ಸಂಬಳ ಇಲ್ಲ. ಅದೇ ಅದರ ವಿಶೇಷ."

"ಹಾಗಾದರೆ ಅವರಿಗೆ ಹೇಳು, ಸಂಬಳ ಇಲ್ಲದೆ ಈ ಮನೇಲಿ ದುಡಿಯೋಳು ನಾನೊಬ್ಬಳೇ ಅಂದ್ಕೊಂಡಿದ್ದೆ, ಜೊತೆಗೊಬ್ಬ ಸಿಕ್ಕಿದ ಅಂತ."

"ಇಬ್ಬರಿಗೂ ಬಾಯಿ ಇದೆ, ಇಬ್ಬರಿಗೂ ಕಿವಿ ಇದೆ. ನಡುವೆ ನಾನ್ಯಾಕೆ?" ಎಂದು ಮಗಳು ತಟ್ಟೆಯೊಡನೆ ಎದ್ದುಹೋದಳು. ಅಲ್ಲಿಗೆ ಸಂಭಾಷಣೆಯೂ ಮುಗಿಯಿತು. ದಾರಿಯೇ ಎದ್ದುಹೋದ ಮೇಲೆ ಮಾತು ಎಲ್ಲಿ ನಡೆದೀತು?

ಈ ಮೌನಕ್ಕೆ ಹನ್ನೊಂದು ವರ್ಷ ವಯಸ್ಸು. ಮದುವೆಯಾಗಿ ಅತ್ತೆಯ ಮನೆಗೇ ಬಂದು ನೆಲೆಸಿದ ಮೊದಲ ವಾರದಲ್ಲಿ ಸಾಹೇಬರು ಅಡುಗೆಮನೆಯ ಹಳೆಯ ತಕ್ಕಡಿಯನ್ನು ಕಂಡರು. ಕಂಡ ಮೇಲೆ ಕೈ ಸುಮ್ಮನಿರುವುದುಂಟೇ! ಕಚೇರಿಯ ಚೀಲದಿಂದ ತೂಕದ ಬಟ್ಟುಗಳನ್ನು ತೆಗೆದು, ಒಂದು ತಟ್ಟೆಗೊಂದು ಇನ್ನೊಂದು ತಟ್ಟೆಗೊಂದು ಇಟ್ಟು ನೋಡಿ, ಮುಳ್ಳು ಕೂದಲೆಳೆಯಷ್ಟು ವಾಲಿದ್ದನ್ನು ನೆಂಟರಿಷ್ಟರ ಸಮಕ್ಷಮದಲ್ಲಿ ಸಾರಿ, ಅತ್ತೆಯ ತಕ್ಕಡಿಗೆ 'ತಿರಸ್ಕೃತ' ಎಂದು ಕೆಂಪು ಚೀಟಿ ಅಂಟಿಸಿಬಿಟ್ಟರು. ಅತ್ತೆ ಕೂಗಾಡಲಿಲ್ಲ, ಅಳಲಿಲ್ಲ. ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಊಟಕ್ಕೆ ಏಳಲಿ" ಎಂದರು. ಅಂದು ತಿರುಗಿದ ಮುಖ ಮತ್ತೆ ಅಳಿಯನತ್ತ ತಿರುಗಿರಲಿಲ್ಲ.

ಅಂತೂ ಫಲಕಗಳು ಬಂದವು. ಕೆಲಸಗಾರರು ಕಬ್ಬಿಣದ ಚೌಕಟ್ಟು ನಿಲ್ಲಿಸಿದರು, ಗೋಡೆ ಕೊರೆದರು, ತಂತಿ ಎಳೆದರು. ಕೆಳಗಿನ ಕೋಣೆಯಲ್ಲಿ ಅತ್ತೆ ಮೇಲಿನ ಸದ್ದನ್ನು ಕೇಳುತ್ತ ಕುಳಿತಿದ್ದರು. ಅವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಎಂಟು ನೀಲಿ ಫಲಕಗಳ ಮುಂದೆ ಸಾಹೇಬರು ಸಿಂಹಾಸನದ ಪಕ್ಕ ನಿಂತ ದೊರೆಯಂತೆ ನಿಂತು ಚಿತ್ರ ತೆಗೆಸಿಕೊಂಡು, ಅದನ್ನು ಪ್ರೋತ್ಸಾಹಧನದ ಅರ್ಜಿಯೊಡನೆ ಕಳುಹಿಸಿ, ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದರು. "ಎಪ್ಪತ್ತು ಸಾವಿರ! ಹದಿನೈದು ದಿನದಲ್ಲಿ! ಬೇಕಾದರೆ ಬರೆದಿಟ್ಕೊಳ್ಳಿ!" ಎಂದರು. ಸಹೋದ್ಯೋಗಿಗಳು ನಿಜವಾಗಿಯೂ ಬರೆದಿಟ್ಟುಕೊಂಡರು.

ಒಂಬತ್ತನೆಯ ದಿನ ಉತ್ತರ ಬಂತು. ಸಾಹೇಬರು ಅದನ್ನು ನಿಂತು ಓದಿದರು, ಕುಳಿತು ಓದಿದರು, ಕನ್ನಡಕ ಒರೆಸಿ ಓದಿದರು. ಅದರಲ್ಲಿ ಹೀಗಿತ್ತು:

'ದಾಖಲೆಯಂತೆ ಅರ್ಜಿದಾರರು ಮಹಿಳೆ, ವಯಸ್ಸು ಎಪ್ಪತ್ತಾರು. ಚಿತ್ರದಲ್ಲಿರುವವರಿಗೆ ಮೀಸೆಯಿದೆ. ಬರುವ ಗುರುವಾರ ನಮ್ಮ ಎಂಜಿನಿಯರ್ ಸ್ಥಳಕ್ಕೆ ಬರುತ್ತಾರೆ. ಅರ್ಜಿದಾರರು ಖುದ್ದಾಗಿ ಫಲಕಗಳ ಬಳಿ ಹಾಜರಿದ್ದು ಒಪ್ಪಿಗೆ ನೀಡತಕ್ಕದ್ದು. ತಪ್ಪಿದಲ್ಲಿ ಅರ್ಜಿ ರದ್ದಾಗುವುದು.'

ಮನೆಯೂ ಮೀಟರೂ ಅತ್ತೆಯ ಹೆಸರಿನಲ್ಲಿದ್ದವು! ಹನ್ನೊಂದು ವರ್ಷ ತಪ್ಪದೆ ಬಿಲ್ಲು ಕಟ್ಟಿದ ಸಾಹೇಬರು ಅದರ ಕೆಳಗಿನ ಅಂಕಿಯನ್ನು ನೋಡಿ ನಿಟ್ಟುಸಿರಿಟ್ಟಿದ್ದರೇ ಹೊರತು ಮೇಲಿನ ಹೆಸರನ್ನು ಒಮ್ಮೆಯೂ ಓದಿರಲಿಲ್ಲ.

"ನೋಡು, ನಿಮ್ಮಮ್ಮನಿಗೆ ಹೇಳು..." ಎಂದು ಶುರುಮಾಡಿದರು.

ಹೆಂಡತಿ ಕೈಯೆತ್ತಿ ತಡೆದಳು. "ಇಲ್ಲ. ಇದೊಂದು ಮಾತನ್ನ ನಾನು ತಲುಪಿಸಲ್ಲ. ಹನ್ನೊಂದು ವರ್ಷದಿಂದ 'ಉಪ್ಪು ಕೊಡೋಕೆ ಹೇಳು', 'ಬಾಗಿಲು ಹಾಕೋಕೆ ಹೇಳು' ಅಂತ ಅಂಚೆಯವಳ ಕೆಲಸ ಮಾಡಿದೀನಿ. ಎಪ್ಪತ್ತು ಸಾವಿರ ಬೇಕಾದರೆ ನೀವೇ ಹೋಗಿ ಕೇಳಿ. ಗುರುವಾರ ನನಗೆ ಡ್ಯೂಟಿ."

"ಅಲ್ಲ ಕಣೇ, ಅವರು ನನ್ನ ಮುಖವನ್ನೇ ನೋಡಲ್ಲ!"

"ನೋಡೋ ಹಾಗೆ ಮಾಡ್ಕೊಳ್ಳಿ."

ಸಾಹೇಬರಿಗೆ ಬಾಯಿಗಿಂತ ಕಾಗದದ ಮೇಲೆ ಹೆಚ್ಚು ನಂಬಿಕೆ. ರಾತ್ರಿಯೂಟದ ನಂತರ ಬಿಳಿಯ ಹಾಳೆಯೊಂದರಲ್ಲಿ 'ಮಾನ್ಯರೇ, ವಿಷಯ: ಮಾಳಿಗೆಯ ಮೇಲೆ ಹಾಜರಾಗುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ' ಎಂದು ಆರಂಭಿಸಿ, ಮೂರು ಪುಟಗಳ ವಿಜ್ಞಾಪನೆ ಬರೆದು, ಅತ್ತೆಯ ಕೋಣೆಯ ಬಾಗಿಲಡಿಯಿಂದ ಒಳಕ್ಕೆ ತಳ್ಳಿದರು. ಕಾಲು ಗಂಟೆಯಲ್ಲಿ ಅದೇ ದಾರಿಯಿಂದ ಪತ್ರ ಮರಳಿ ಬಂತು. ಅದರ ಹಣೆಯ ಮೇಲೆ, ಬಣ್ಣ ಮಾಸಿ ಅಂಚು ಮಡಿಚಿದ್ದ ಒಂದು ಕೆಂಪು ಚೀಟಿ ಅಂಟಿಕೊಂಡಿತ್ತು: 'ತಿರಸ್ಕೃತ.' ಕೆಳಗೆ ಸಾಹೇಬರದೇ ಸಹಿ!

ಹನ್ನೊಂದು ವರ್ಷ ಅದನ್ನು ಜೋಪಾನವಾಗಿಟ್ಟಿದ್ದರು ಆ ಮಹಾತಾಯಿ!

ಗುರುವಾರ ಬಂತು. ಹೆಂಡತಿ ಆಸ್ಪತ್ರೆಗೆ ಹೋದಳು. ಹತ್ತು ಗಂಟೆಗೆ ಸರಿಯಾಗಿ ತಲೆಗೆ ಹಳದಿ ಟೊಪ್ಪಿ ಹಾಕಿ, ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಹಿಡಿದ ಎಂಜಿನಿಯರ್ ಹುಡುಗಿ ಬಾಗಿಲು ತಟ್ಟಿದಳು.

"ಮನೆ ಯಜಮಾನರು?"

"ನಾನೇ," ಎಂದರು ಸಾಹೇಬರು.

ಅವಳು ಪಟ್ಟಿಯನ್ನು ನೋಡಿದಳು, ಅವರ ಮೀಸೆಯನ್ನು ನೋಡಿದಳು. "ಅಲ್ಲ ಅನ್ಸುತ್ತೆ ಸರ್."

ಅತ್ತೆ ಹೊರಗೆ ಬಂದು ಕುರ್ಚಿಯಲ್ಲಿ ಕುಳಿತರು. ಸಾಹೇಬರು ಗಂಟಲು ಸರಿಮಾಡಿಕೊಂಡು ಎಂಜಿನಿಯರಿಗೆ ಹೇಳಿದರು: "ಅವರು ಸ್ವಲ್ಪ ಮೇಲೆ ಬರಬೇಕು ಅಂತ ಅವರಿಗೆ ಹೇಳಮ್ಮ."

ಹುಡುಗಿ ಎರಡಡಿ ದೂರದಲ್ಲಿದ್ದ ವೃದ್ಧೆಯನ್ನು ನೋಡಿ ಗೊಂದಲಗೊಂಡಳು. "ಅಜ್ಜಿಗೆ ಕಿವಿ ಕೇಳಿಸಲ್ವಾ?"

"ಕಿವಿ ಚೆನ್ನಾಗಿದೆ ಮಗಳೇ," ಎಂದರು ಅತ್ತೆ. "ಅವರನ್ನ ಕೇಳು, ಕೇಳೋರಿಗೆ ಬಾಯಿ ಇಲ್ವಾ ಅಂತ."

"ಸರ್, ನಿಮಗೆ ಬಾಯಿ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ಇಂಥ ಅಡೆತಡೆ ಅವಳ ಪಟ್ಟಿಯಲ್ಲಿರಲಿಲ್ಲ. "ನೋಡಿ ಅಜ್ಜಿ, ಬಿಸಿಲು ಇರೋವಾಗಲೇ ನಾನು ಅಳತೆ ತಗೋಬೇಕು. ನನಗೋಸ್ಕರ ಬರ್ತೀರಾ?"

"ನೀನು ಕೇಳಿದೆಯಲ್ಲ, ಬರ್ತೀನಿ," ಎಂದು ಅತ್ತೆ ಎದ್ದರು. ಯಾರ ಕೈಯನ್ನೂ ಹಿಡಿಯದೆ ಹದಿನೆಂಟು ಮೆಟ್ಟಿಲನ್ನೂ ಹತ್ತಿದರು. ಹಿಂದೆ ಹತ್ತುತ್ತಿದ್ದ ಸಾಹೇಬರಿಗೆ ಆ ಪ್ರತಿಯೊಂದು ಮೆಟ್ಟಿಲೂ ನಾಲ್ಕು ಸಾವಿರದಂತೆ ಕಂಡಿತು.

ಮಾಳಿಗೆಯ ಮೇಲೆ ನೀಲಿ ಫಲಕಗಳು ಬಿಸಿಲನ್ನು ಕುಡಿಯುತ್ತ ಮಲಗಿದ್ದವು. ಅತ್ತೆ ಅವನ್ನು ಮೊದಲ ಬಾರಿಗೆ ನೋಡುತ್ತಿದ್ದರು. ಅವುಗಳ ಮೇಲೆಯೇ ಕಣ್ಣಿಟ್ಟು, ಮಗುವಿನಂತೆ ಬೆರಗಾಗಿ, ಒಂದೊಂದೇ ಹೆಜ್ಜೆಯಿಡುತ್ತ ಚೌಕಟ್ಟಿನತ್ತ ನಡೆದರು. ಚೌಕಟ್ಟಿನ ಕೆಳಗಿನ ಕಬ್ಬಿಣದ ಅಂಚು ಸರಿಯಾಗಿ ಅವರ ಹಣೆಯೆತ್ತರಕ್ಕಿತ್ತು. ಇನ್ನೊಂದು ಹೆಜ್ಜೆ...

"ಅತ್ತೇ! ತಲೆ!"

ಕೂಗಿದವರು ಸಾಹೇಬರು! ಕೂಗಿ, ಹಾರಿ, ಕಬ್ಬಿಣಕ್ಕೂ ಅತ್ತೆಯ ಹಣೆಗೂ ನಡುವೆ ತಮ್ಮ ಅಂಗೈಯನ್ನು ಇಟ್ಟೂ ಆಗಿತ್ತು. ಅತ್ತೆಯ ಹಣೆ ಉಳಿಯಿತು. ಸಾಹೇಬರ ಬೆರಳಿನ ಗೆಣ್ಣು ಸುಲಿಯಿತು.

ಅತ್ತೆ ನಿಧಾನವಾಗಿ ತಿರುಗಿದರು. ಹನ್ನೊಂದು ವರ್ಷಗಳ ಮೇಲೆ ಅಳಿಯನ ಮುಖವನ್ನು ನೇರವಾಗಿ ನೋಡಿದರು.

"ಹನ್ನೊಂದು ವರ್ಷ ಕಾಯಿಸಿ ಆಡಿದ ಮಾತು 'ತಲೆ'! ಅದಕ್ಕಿಂತ ಒಳ್ಳೆಯದು ಯಾವುದೂ ಹೊಳೀಲಿಲ್ವಾ ಅಳಿಯಂದ್ರೇ?"

ಅಷ್ಟರಲ್ಲಿ ಎಂಜಿನಿಯರ್ ಅಳತೆ ಮುಗಿಸಿ, ಪಟ್ಟಿಯ ಕೊನೆಯ ಪ್ರಶ್ನೆಗೆ ಬಂದಳು. "ಅಜ್ಜಿ, ಇದನ್ನ ನಿಮ್ಮ ಒಪ್ಪಿಗೆಯಿಂದಲೇ ಹಾಕಿಸಿದ್ದಾ? ಹೌದು ಅಥವಾ ಇಲ್ಲ ಅಂತ ಹೇಳಿ, ಸಾಕು."

"ನನ್ನನ್ನ ಯಾರು ಕೇಳಿದ್ರು?" ಎಂದರು ಅತ್ತೆ.

ಲೇಖನಿ 'ಇಲ್ಲ' ಎಂಬ ಚೌಕದ ಮೇಲೆ ತೂಗಿತು. ಎಪ್ಪತ್ತು ಸಾವಿರವೂ ಅದರ ತುದಿಯಲ್ಲಿ ತೂಗಿತು. ಆದರೆ, ಆಶ್ಚರ್ಯವೆಂದರೆ, ಆ ಕ್ಷಣದಲ್ಲಿ ಸಾಹೇಬರ ನಾಲಿಗೆಗೆ ಬಂದದ್ದು ಎಪ್ಪತ್ತು ಸಾವಿರದ ಮಾತಲ್ಲ.

"ಅತ್ತೆ, ಅವತ್ತು ನಿಮ್ಮ ತಕ್ಕಡಿ ಸರಿಯಾಗೇ ಇತ್ತು."

"ಏನಂದ್ರಿ?"

"ನಾನು ತಂದ ಬಟ್ಟುಗಳಲ್ಲೇ ಒಂದು ಸವೆದಿತ್ತು. ಮಾರನೇ ದಿನ ಕಚೇರಿಯಲ್ಲಿ ಗೊತ್ತಾಯ್ತು. ಬಂದು ಹೇಳೋಣ ಅಂದ್ಕೊಂಡೆ. ಒಂದು ದಿನ ತಡವಾಯ್ತು, ಆಮೇಲೆ ಒಂದು ವಾರ ಆಯ್ತು, ಆಮೇಲೆ... ನಾಚಿಕೆ ಆಯ್ತು. ಅವತ್ತೂ ನಿಮ್ಮನ್ನ ಕೇಳದೆ ತೂಗಿದೆ, ಇವತ್ತೂ ಕೇಳದೆ ಹಾಕಿಸಿದೆ. ತಪ್ಪಾಯ್ತು. ಈಗ ಕೇಳ್ತಾ ಇದೀನಿ. ನಿಮ್ಮ ಮನೆ ಮೇಲೆ ಇದು ಇರಬಹುದಾ?"

ಎಂಜಿನಿಯರ್ ಹುಡುಗಿ ಬೇರೆಯವರ ಮನೆಯ ಮಾಳಿಗೆಯಲ್ಲಿ ನಿಂತು ಎತ್ತ ನೋಡಬೇಕೆಂದು ತೋಚದೆ ಸೂರ್ಯನನ್ನೇ ನೋಡಿ ಕಣ್ಣು ಕಿರಿದಾಗಿಸಿದಳು.

"ನನಗೂ ಗೊತ್ತಿತ್ತು," ಎಂದರು ಅತ್ತೆ. "ಆ ತಕ್ಕಡಿಯನ್ನ ಅಕ್ಕಸಾಲಿಗನ ಹತ್ತಿರ ತೂಗಿಸಿದೆ. ಸರಿಯಾಗಿದೆ ಅಂದ. ನೀವೇ ಬಂದು ಹೇಳ್ತೀರಿ ಅಂತ ಕಾದೆ." ಆಮೇಲೆ ಹುಡುಗಿಯತ್ತ ತಿರುಗಿ, ಸೆರಗು ಸರಿಮಾಡಿಕೊಂಡು, ನ್ಯಾಯಸ್ಥಾನದಲ್ಲಿ ನುಡಿಯುವವರ ಗಾಂಭೀರ್ಯದಿಂದ ಹೇಳಿದರು: "ಬರ್ಕೋಮ್ಮ. ಹೌದು. ಹಾಕಿಸಿದ್ದು ನಾನೇ. ಅಳಿಯಂದ್ರು ನನ್ನ ಪರವಾಗಿ ಓಡಾಡಿದ್ರು."

ಎರಡು ಲಕ್ಷ ಸುರಿದ ಸಾಹೇಬರು ಕ್ಷಣಾರ್ಧದಲ್ಲಿ ಓಡಾಡಿದವರ ಸ್ಥಾನಕ್ಕಿಳಿದರು! ಚಿತ್ರ ತೆಗೆಯುವಾಗಲೂ ಅವರಿಗೆ ಜಾಗ ಸಿಗಲಿಲ್ಲ.

"ಸರ್, ಸ್ವಲ್ಪ ಸರೀರಿ. ಇನ್ನೂ ಸ್ವಲ್ಪ. ನಿಮ್ಮ ನೆರಳು ಬೀಳ್ತಾ ಇದೆ. ನೀರಿನ ತೊಟ್ಟಿಯ ಹಿಂದೆ ಹೋಗಿಬಿಡ್ತೀರಾ?"

ಹೋದರು. ತೊಟ್ಟಿಯ ಹಿಂದೆ ನಿಂತು ಸುಲಿದ ಗೆಣ್ಣನ್ನು ಊದಿಕೊಳ್ಳುತ್ತಿದ್ದ ಸಾಹೇಬರ ಮುಖದಲ್ಲಿ, ಕಾರಣವಿಲ್ಲದೆ, ನಗು ಮೂಡಿತ್ತು.

ಮುಂದಿನ ತಿಂಗಳ ಬಿಲ್ಲು ಬಂತು. ಮೂರು ಸಾವಿರವಿದ್ದದ್ದು ನೂರ ಎಂಬತ್ತಕ್ಕಿಳಿದಿತ್ತು. ಸಾಹೇಬರು ಅದನ್ನು ಮೂರು ಸಲ ಗಟ್ಟಿಯಾಗಿ ಓದಿದರು. ಈ ಸಲ ಮೇಲಿನ ಹೆಸರನ್ನೂ ಸೇರಿಸಿ. ಪ್ರೋತ್ಸಾಹಧನ ಮಾತ್ರ ಬಂದಿರಲಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬ್ಯಾಂಕಿನ ಖಾತೆಯನ್ನು ತೆರೆದು ನೋಡಿದರು. ಕಚೇರಿಯವರು ಬರೆದಿಟ್ಟುಕೊಂಡ ಚೀಟಿಯನ್ನು ದಿನವೂ ತೋರಿಸತೊಡಗಿದರು.

"ಎಪ್ಪತ್ತು ಸಾವಿರ ಎಲ್ಲಿ ಹೋಯ್ತೋ!" ಎಂದು ಕೊನೆಗೊಂದು ಸಂಜೆ ಹಲುಬಿದರು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಅರ್ಜಿದಾರರ ಖಾತೆಗೆ ಜಮಾ ಅಂತ ಅರ್ಜೀಲೇ ಇದೆಯಲ್ಲ ರೀ. ಬಂದು ಎಂಟು ದಿನ ಆಯ್ತು."

ಸಾಹೇಬರು ಅತ್ತೆಯ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು. ಈ ಬಾರಿ ಕಾಗದವಿಲ್ಲದೆ.

"ಅತ್ತೆ, ಆ ಎಪ್ಪತ್ತು ಸಾವಿರ..."

"ಬನ್ನಿ, ಕೂತ್ಕೊಳ್ಳಿ. ನಿಮ್ಮದೇ ದುಡ್ಡು, ಕೊಡ್ತೀನಿ. ತಿಂಗಳಿಗೆ ಒಂದು ಸಾವಿರ."

"ಒಂದು ಸಾವಿರವೇ! ಅಂದರೆ ಎಪ್ಪತ್ತು ತಿಂಗಳು! ಸುಮಾರು ಆರು ವರ್ಷ ಅತ್ತೆ!"

"ಹೌದು. ಅಷ್ಟು ದಿನ ಇರಬೇಕು ಅಂತ ನನಗೂ ಈಗ ಆಸೆ ಬಂದಿದೆ. ಆದರೆ ಒಂದು ನಿಯಮ. ಪ್ರತಿ ತಿಂಗಳೂ ನೀವೇ ಬಂದು, ಇಲ್ಲಿ ಕೂತು, ನನ್ನ ಜೊತೆ ಒಂದು ಗಂಟೆ ಮಾತಾಡಬೇಕು. ಅವಳ ಕೈಲಿ ಹೇಳಿ ಕಳಿಸಿದ್ರೋ, ಆ ತಿಂಗಳದ್ದು ರದ್ದು. ಬಿಸಿಲಿಗೆ ಸರ್ಕಾರ ಪ್ರೋತ್ಸಾಹಧನ ಕೊಡ್ತು. ಮಾತಿಗೆ ನಾನು ಕೊಡ್ತೀನಿ."

ಪೇಟೆಯ ವರ್ತಕರನ್ನೆಲ್ಲ ನಡುಗಿಸುವ ತಕ್ಕಡಿ ಸಾಹೇಬರು ಒಳಗೊಳಗೇ ಲೆಕ್ಕ ಹಾಕಿದರು, ತಲೆ ಕೆರೆದುಕೊಂಡರು, ಕೊನೆಗೆ ಕುರ್ಚಿಯನ್ನು ಹತ್ತಿರಕ್ಕೆಳೆದು ಕುಳಿತು ಮೆಲ್ಲಗೆ ಕೇಳಿದರು:

"ಅತ್ತೆ, ಮುಂಗಡವಾಗಿ ಎರಡು ತಿಂಗಳದ್ದು ಮಾತಾಡಬಹುದಾ?"

ಸರ್ವಸಾಕ್ಷಿಯಾದ ಆ ದಿನಮಣಿಯು ಆ ಮಾಳಿಗೆಯ ಮೇಲೆ ಎಂದೂ ಮಂಕಾಗದಿರಲಿ. ಆ ಹಿರಿಯ ತಾಯಿ ಎಪ್ಪತ್ತನೆಯ ಕಂತನ್ನೂ ತಮ್ಮ ಕೈಯಾರೆ ಎಣಿಸಿ ಕೊಡಲಿ. ಆ ಮಗಳಿಗೆ ಇನ್ನು ಬರಿಯ ತನ್ನ ಮಾತನ್ನಷ್ಟೇ ಆಡುವ ಬಿಡುವು ದೊರೆಯಲಿ. ಆ ಗೃಹಸ್ಥರು ಆಯುರಾರೋಗ್ಯಸಹಿತ ಬಾಳಲಿ, ಅವರ ಮನೆತನ ಬೆಳಗಲಿ.